ಶೇಂಗಾ ಚೀಲದ ಹುಳುವಿಗೊಂದು ವಿಳಾಸ

ಶೇಂಗಾ ಕೈಗಿಟ್ಟರೆ ಬೇರೆಯವರು ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ನಾನು ಒಂದೊಂದೇ ಕಾಯಿಯನ್ನು ಎರಡು ಬೆರಳ ನಡುವೆ ಹಿಡಿದು, ಬೆಳಕಿಗೆ ತಿರುಗಿಸಿ, ಬೆನ್ನು ಹೊಟ್ಟೆ ಎರಡೂ ನೋಡಿ, ಆಮೇಲೆ ಒಡೆಯುತ್ತೇನೆ. ಕೆಟ್ಟ ಚಟವೇನಲ್ಲ. ಆದರೆ ನಾಲ್ಕು ಜನರ ನಡುವೆ ಮಾಡಿದರೆ ನಾಲ್ವರೂ ತಿನ್ನುವುದು ಬಿಟ್ಟು ನನ್ನನ್ನೇ ನೋಡುತ್ತಾರೆ.

ಮೊನ್ನೆ ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ಬಸ್ಸಿನಲ್ಲಿ ಹುರಿದ ಶೇಂಗಾದ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದೆ. ಮಸ್ಕಿ ಬಂದರೂ ಅರ್ಧ ಪೊಟ್ಟಣ ಮುಗಿದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ರುಮಾಲಿನ ಹಿರಿಯರು ಬಹಳ ಹೊತ್ತು ತಡೆದುಕೊಂಡಿದ್ದು ಕೊನೆಗೆ ಅಂದೇಬಿಟ್ಟರು.

"ತಮ್ಮಾ, ಕನ್ಯಾ ನೋಡಾಕ ಹೋದಾಗೂ ನಾ ಇಷ್ಟು ನೋಡಿದ್ದಿಲ್ಲ ನೋಡು."

"ನೋಡಬೇಕಿತ್ತೇನೋ ಕಾಕಾ. ಈಗ ಒಬ್ಬರಽ ಹೊಂಟೀರಲ್ಲ" ಎಂದೆ.

"ಆಕಿ ಮುಂದಿನ ಸೀಟಿನ್ಯಾಗ ಅದಾಳ. ಮೆಲ್ಲಕ ಮಾತಾಡು" ಎಂದು ಅವರು ನನ್ನ ಮೊಣಕಾಲು ಹಿಸುಕಿದರು.

ನಾನು ಏನು ಹುಡುಕುತ್ತೇನೆಂದು ಅವರಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ಸಿಪ್ಪೆಯ ಮೇಲೆ ಸಾಸಿವೆಗಿಂತ ಸಣ್ಣದಾದ, ಅಂಟಿನ ಹನಿ ಒಣಗಿದಂಥ ಒಂದು ಚುಕ್ಕೆ. ಅದಿಲ್ಲದಿದ್ದರೆ, ಬಡಿಗ ಬೈರಿಗೆ ಹಿಡಿದು ಕೊರೆದಂತೆ ದುಂಡಗಿನ ಒಂದು ತೂತು. ಹುರಿದ ಕಾಯಿಯಲ್ಲಿ ಇವೆರಡೂ ಸಿಗುವುದು ಅಪರೂಪ. ಆದರೂ ನೋಡುತ್ತೇನೆ. ಒಂದು ಸಲ ನೋಡದೇ ಮಾತಾಡಿ, ಒಡಹುಟ್ಟಿದ ಇಬ್ಬರು ಹೆಂಗಸರ ನಡುವಿನ ಮಾತನ್ನೇ ನಿಲ್ಲಿಸಿದವನು ನಾನು.

ನನ್ನ ಬಗ್ಗೆ ಸ್ವಲ್ಪ ಹೇಳದೆ ಇದು ಮುಂದೆ ಹೋಗುವುದಿಲ್ಲ. ದೇವರು ನನಗೆ ಎತ್ತರ ಕೊಡಲಿಲ್ಲ, ಬಣ್ಣ ಕೊಡಲಿಲ್ಲ, ಲೆಕ್ಕದ ವಿಷಯದಲ್ಲಂತೂ ಕೈಯನ್ನೇ ಎತ್ತಿಬಿಟ್ಟ. ಅದಕ್ಕೆ ಬದಲಾಗಿ ಊರಿನವರ ದನಿಗಳನ್ನೆಲ್ಲ ನನ್ನ ಗಂಟಲಲ್ಲಿ ಇಟ್ಟ. ಕಂಡಕ್ಟರ್ ಚಿಲ್ಲರೆ ಕೇಳುವುದು, ಮದುವೆ ಮನೆಯ ಮೈಕಿನಲ್ಲಿ "ಊಟ ಮಾಡಿದವರು ದಯವಿಟ್ಟು ಎದ್ದೇಳಬೇಕು" ಎನ್ನುವುದು, ನಮ್ಮಪ್ಪ ಸೀನುವ ಮುಂಚೆ ಮುಖ ಮಾಡುವುದು, ಎಲ್ಲ ಬರುತ್ತದೆ. ಮುದಗಲ್ಲಿನ ಒಂದು ಮದುವೆಯಲ್ಲಿ ಬೀಗರ ದನಿ ತೆಗೆದು ಅಡುಗೆಯವನಿಗೆ "ಇನ್ನೊಂದು ಸಿಹಿ ಮಾಡ್ರಿ" ಎಂದಿದ್ದೆ. ಅವನು ಮಾಡಿಯೂ ಬಿಟ್ಟ. ಇಂಥ ವಿದ್ಯೆ ಇದ್ದವನಿಗೆ ತನ್ನ ದನಿಯ ಅಗತ್ಯ ಬೀಳುವುದೇ ಇಲ್ಲ. ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದಿದ್ದು ಕೂಡ ಹಾಗೆಯೇ: ಮೇಷ್ಟ್ರುಗಳ ದನಿಯಲ್ಲಿ ಪಾಠ ಒಪ್ಪಿಸಿ ಪಾಸಾದೆ. ಪಾಠ ತಲೆಗೆ ಹೋಗಿರಲಿಲ್ಲ, ದನಿ ಮಾತ್ರ ಹೋಗಿತ್ತು.

ನನ್ನ ಅವ್ವನಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕ, ಅಂದರೆ ನನ್ನ ದೊಡ್ಡವ್ವ, ಮಸ್ಕಿಯಿಂದ ಆಟೋದಲ್ಲಿ ಒಳಗೆ ಹೋಗಬೇಕಾದ ಒಂದು ಊರಿನಲ್ಲಿ ಇದ್ದಾಳೆ. ಅಲ್ಲಿ ಮಳೆಯ ನೀರಿಗೇ ಶೇಂಗಾ. ತಂಗಿ ಈರಮ್ಮ, ನನ್ನ ಚಿಗವ್ವ, ತುರ್ವಿಹಾಳದವಳು. ಅಲ್ಲಿ ಕಾಲುವೆ ನೀರು, ಎತ್ತ ನೋಡಿದರೂ ಭತ್ತ. ಹೀಗಾಗಿ ಅಕ್ಕನ ಮನೆಯಿಂದ ತಂಗಿಯ ಮನೆಗೆ ಶೇಂಗಾ, ತಂಗಿಯ ಮನೆಯಿಂದ ಅಕ್ಕನ ಮನೆಗೆ ಅಕ್ಕಿ. ಅಕ್ಕಿ ಖಾಲಿಯಾದ ಮೇಲೆ ಗೋಣಿಚೀಲವನ್ನು ದೊಡ್ಡವ್ವ ಇಟ್ಟುಕೊಂಡು, ಅದರಲ್ಲಿ ಮುಂದಿನ ವರ್ಷದ ಬಿತ್ತನೆ ಶೇಂಗಾ ತುಂಬಿ, ಬಾಯಿ ಹೊಲಿದು, ಹಿಂದಿನ ಖೋಲಿಯಲ್ಲಿ ನಿಲ್ಲಿಸುತ್ತಿದ್ದಳು.

ಆ ಖೋಲಿ ನನಗೆ ಚೆನ್ನಾಗಿ ಗೊತ್ತು. ಬೇಸಿಗೆ ರಜೆಯಲ್ಲಿ ನನ್ನ ಅರ್ಧ ದಿನ ಅಲ್ಲೇ ಕಳೆಯುತ್ತಿತ್ತು. ಮೇಲೆ ಒಂದೇ ಬೆಳಕಿಂಡಿ. ಅದರಿಂದ ಇಳಿಯುವ ಬಿಸಿಲಿನ ಕೋಲಿನಲ್ಲಿ ಧೂಳು ಕುಣಿಯುತ್ತಿತ್ತು. ಶೇಂಗಾದ ಮಣ್ಣಿನ ವಾಸನೆ, ಅದರ ಮೇಲೆ ಹುಣಸೆಯ ಹುಳಿ ವಾಸನೆ. ಶೇಂಗಾ ಕಾಯಿಯ ತುದಿ ಒತ್ತಿದರೆ ಬಾಯಿ ತೆರೆಯುತ್ತದಲ್ಲ, ಅದನ್ನು ಕಿವಿಯ ಹಾಲೆಗೆ ಕಚ್ಚಿಸಿಕೊಂಡು, ಚೀಲದ ಮೇಲೆ ಹತ್ತಿ ಕೂತು, ಚಿಗವ್ವನ ದನಿಯಲ್ಲಿ ದೊಡ್ಡವ್ವನನ್ನೂ, ದೊಡ್ಡವ್ವನ ದನಿಯಲ್ಲಿ ಚಿಗವ್ವನನ್ನೂ ಕರೆಯುತ್ತಿದ್ದೆ. ಇಬ್ಬರೂ ಎರಡು ಕಡೆಯಿಂದ ಓಡಿಬಂದು ಪಡಸಾಲೆಯಲ್ಲಿ ಡಿಕ್ಕಿ ಹೊಡೆಯುತ್ತಿದ್ದರು. ನನ್ನ ಕಿವಿ ಹಿಂಡುವಾಗ ಶೇಂಗಾ ಲೋಲಾಕು ಉದುರಿ ಬೀಳುತ್ತಿತ್ತು. ಅದನ್ನು ಹೆಕ್ಕಿ ಒಡೆದು ಇಬ್ಬರೂ ಒಂದೊಂದು ಕಾಳು ಹಂಚಿಕೊಂಡು ತಿನ್ನುತ್ತಿದ್ದರು. ನನಗಿಲ್ಲ.

ಮುಂಗಾರಿನ ಬಿತ್ತನೆಗೆ ಮುಂಚೆ ಆ ಚೀಲಗಳನ್ನು ಬಿಚ್ಚಿ ಕೈಯಿಂದ ಸುಲಿಯುವುದು ಹೆಂಗಸರ ಕೆಲಸ. ಕಾಳಿನ ಮೇಲಿನ ಕೆಂಪು ಸಿಪ್ಪೆಗೂ ಗಾಯವಾಗಬಾರದು. ದೊಡ್ಡವ್ವ ಈ ಕೆಲಸಕ್ಕೆ ಯಾರನ್ನು ಕರೆದರೂ ಬಿಟ್ಟರೂ ತಂಗಿಯನ್ನು ಮಾತ್ರ ತಪ್ಪದೆ ಕರೆಯುತ್ತಾಳೆ. ಎರಡು ವರ್ಷದ ಹಿಂದೆಯೂ ಕರೆದಿದ್ದಳು. ಓಣಿಯ ಐದಾರು ಹೆಂಗಸರು ಅಂಗಳದಲ್ಲಿ ಕೂತಿದ್ದರು. ಕೆಲಸ ಹುಡುಕುತ್ತಿದ್ದೇನೆ ಎಂದು ಹೇಳಿಕೊಂಡು ನಾನೂ ಹೋಗಿದ್ದೆ.

ಮೊದಲ ಚೀಲದ ಹೊಲಿಗೆ ಬಿಚ್ಚಿ ತಾಡಪತ್ರಿಯ ಮೇಲೆ ಸುರಿದಾಗ ಶೇಂಗಾದ ಜೊತೆ ಕಂದು ಬಣ್ಣದ ಹುಳುಗಳೂ ಬಿದ್ದವು. ಕೆಲವು ಓಡಿದವು, ಕೆಲವು ಕಾಲು ಮಡಚಿಕೊಂಡು ಸತ್ತಂತೆ ಬಿದ್ದುಕೊಂಡವು. ಬೇರೆ ವರ್ಷ ನಾಲ್ಕಾರು ಸಿಗುತ್ತಿದ್ದವು, ಆ ಸಲ ಕಾಯಿ ಕಾಯಿಗೂ ತೂತು. ಹೆಂಗಸರೆಲ್ಲ ಸುಮ್ಮನಾದರು. ಆ ಮೌನ ನನಗೆ ಸಹಿಸಲಾಗಲಿಲ್ಲ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೆ, ಹೊಟ್ಟೆ ಮುಂದೆ ಮಾಡಿದೆ, ಜೀಪಿನಲ್ಲಿ ಬಂದು ಭಾಷಣ ಮಾಡುವ ಕೃಷಿ ಇಲಾಖೆಯ ಸಾಹೇಬರ ದನಿ ತೆಗೆದೆ.

"ರೈತ ಬಾಂಧವರೇ, ವೈಜ್ಞಾನಿಕವಾಗಿ ನೋಡುವುದಾದರೆ ಇದು ಅಕ್ಕಿ ಹುಳು. ಭತ್ತದ ನಾಡಿನ ಪ್ರಜೆ. ಗೋಣಿಚೀಲದಲ್ಲಿ ಟಿಕೆಟ್ಟಿಲ್ಲದೆ ಕೂತು ತುರ್ವಿಹಾಳದಿಂದ ತಮ್ಮ ಗ್ರಾಮಕ್ಕೆ ಆಗಮಿಸಿದೆ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಗವ್ವನೂ ನಕ್ಕಳು. ದೊಡ್ಡವ್ವ ಮಾತ್ರ ನಗಲಿಲ್ಲ. ಅವಳು ನನ್ನನ್ನಲ್ಲ, ಚೀಲವನ್ನು ನೋಡುತ್ತಿದ್ದಳು.

"ಈರಿ, ಚೀಲ ಝಾಡಿಸಿ ಕೊಟ್ಟಿದ್ದಿಲ್ಲೇನ?"

"ಅಯ್ಯ ಯಕ್ಕಾ, ಮೂರು ದಿನ ಬಿಸಲಾಗ ಹಾಕಿ ಕೊಟ್ಟೀನಿ."

"ಮತ್ತ ಇಂವ ಹೇಳಾಕತ್ತಾನಲ್ಲ."

"ಇಂವ ಹೇಳಿದ್ದು ಖರೇ ಅಂತೀಯೇನ ನೀನು? ನಾ ಹೇಳಿದ್ದು ಸುಳ್ಳ?"

"ಇಂವ ಓದ್ಯಾನವ್ವ. ಹುಳದ ಸಾಲಿನಽ ಓದ್ಯಾನ."

ನನ್ನ ಡಿಗ್ರಿಯನ್ನು ಜೀವಮಾನದಲ್ಲಿ ಒಬ್ಬರು ನಂಬಿದ್ದು ಅದೇ ಮೊದಲು. ನಾನು ಬಾಯಿ ತೆರೆದೆ. ಆದರೆ ಯಾವ ದನಿಯಲ್ಲಿ ಮಾತಾಡಬೇಕೆಂದು ತಿಳಿಯದೆ ಮುಚ್ಚಿಕೊಂಡೆ. ಮಾತು ಅಕ್ಕಿಯಿಂದ ಹಳೆಯ ಸೀರೆಗೆ, ಸೀರೆಯಿಂದ ಯಾವುದೋ ಬಾಣಂತನಕ್ಕೆ ಹೋಯಿತು. ಮಧ್ಯಾಹ್ನ ಎಲ್ಲರಿಗೂ ರೊಟ್ಟಿ ಬಡಿಸಿದಾಗ ಚಿಗವ್ವ ಕೈ ತೊಳೆದುಕೊಂಡು ಎದ್ದು, ಊಟ ಮಾಡದೆ, ಬಾಗಿಲಲ್ಲಿ ನಿಂತ ಆಟೋ ಹತ್ತಿದಳು. ನಮ್ಮ ಕಡೆ ಒಡಹುಟ್ಟಿದವಳು ಉಣ್ಣದೆ ಹೋದಳೆಂದರೆ ಅದಕ್ಕಿಂತ ದೊಡ್ಡ ಮಾತು ಬೇರೆ ಇಲ್ಲ. ಇಲ್ಲವೆಂದು ನಾನು ತಿಳಿದಿದ್ದೆ. ಮೂರನೆಯ ದಿನ ದೊಡ್ಡವ್ವ ಆ ಚೀಲಗಳನ್ನೆಲ್ಲ ಖಾಲಿ ಮಾಡಿ, ಮಡಚಿ, ಹುರಿಹಗ್ಗದಿಂದ ಕಟ್ಟಿ, ತುರ್ವಿಹಾಳಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ತಂಗಿಗೆ ವಾಪಸ್ ಕಳಿಸಿದಳು. ಹೇಳಿ ಕಳಿಸಿದ ಮಾತು ಒಂದೂ ಇಲ್ಲ. ಬರೀ ಚೀಲ.

ಲಿಂಗಸುಗೂರಿನ ನಮ್ಮ ಮನೆಯಲ್ಲಿ ಫೋನಿನ ಮುಂದೆ ಕೂತ ಅವ್ವ ಒಮ್ಮೆ ಅಕ್ಕನ ಬೈಗುಳ, ಒಮ್ಮೆ ತಂಗಿಯ ಅಳು ಕೇಳಿ ನನ್ನ ಕಡೆ ತಿರುಗಿದಳು. "ಬಸ್ಯಾ, ಅದು ಖರೇನಽ ಅಕ್ಕಿ ಹುಳ ಹೌದೇನಲೇ?"

ಆಗ ನನಗೆ ಹೊಳೆದದ್ದು ಇಷ್ಟೇ: ನಾನು ಆ ಹುಳುವನ್ನು ನೋಡಿಯೇ ಇರಲಿಲ್ಲ.

ಮರುದಿನ ದೊಡ್ಡವ್ವನ ಅಂಗಳಕ್ಕೆ ಹೋಗಿ, ತಾಡಪತ್ರಿಯ ಮೂಲೆಯಿಂದ ಏಳೆಂಟು ಹುಳು, ಒಂದು ಹಿಡಿ ತೂತುಬಿದ್ದ ಕಾಯಿ ಆಯ್ದು ಬೆಂಕಿಪೊಟ್ಟಣಕ್ಕೆ, ಜೇಬಿಗೆ ತುಂಬಿಕೊಂಡು ಲಿಂಗಸುಗೂರಿನ ಕಾಲೇಜಿಗೆ ಬಂದೆ. ಅಲ್ಲಿ ನನಗೆ ಕೀಟಗಳ ಪಾಠ ಮಾಡಿದ ಶಶಿಕಲಾ ಮೇಡಂ ಇದ್ದರು. ಸಣ್ಣ ಆಳು, ದೊಡ್ಡ ಕನ್ನಡಕ. ಅವರ ದನಿ ತೆಗೆದು ಹಾಜರಿ ಕರೆದು ಇಡೀ ತರಗತಿಯನ್ನು ಮನೆಗೆ ಕಳಿಸಿದ ದಿನ ಅವರು ಬಾಗಿಲಲ್ಲೇ ನಿಂತಿದ್ದರು. ಆದರೂ ನನ್ನನ್ನು ಒಳಗೆ ಬಿಟ್ಟುಕೊಂಡರು.

"ಏನು ತಂದೀದಿ?"

"ಅಕ್ಕಿ ಹುಳ ಮೇಡಂ. ಶೇಂಗಾದಾಗ ಸಿಕ್ಕಾವ."

"ನೋಡಿ ಹೇಳಾಕತ್ತೀಯೋ, ನೆನಪಿಟ್ಟು ಹೇಳಾಕತ್ತೀಯೋ?"

ಉತ್ತರಕ್ಕೆ ಕಾಯದೆ ಒಂದು ಹಾಳೆ, ಪೆನ್ಸಿಲ್ಲು, ಕೈಯಲ್ಲಿ ಹಿಡಿಯುವ ಒಂದು ಮಸೂರ ಕೊಟ್ಟು, "ಇದರ ಚಿತ್ರ ಬರಿ. ಹೆಸರು ಆಮ್ಯಾಲ ನೋಡೋಣ" ಎಂದು ಉತ್ತರಪತ್ರಿಕೆ ತಿದ್ದಲು ಕೂತರು. ಅರ್ಧ ಗಂಟೆಯಲ್ಲಿ ಬರೆದು ಮುಗಿಸಿ ಒಯ್ದೆ. ಅವರು ನೋಡಿದರು, ಪೆನ್ನಿನ ತುದಿಯನ್ನು ನನ್ನ ಚಿತ್ರದ ಮೂತಿಯ ಮೇಲೆ ಇಟ್ಟರು.

"ಇದೇನು?"

"ಸೊಂಡಿಲು ಮೇಡಂ. ಅಕ್ಕಿ ಹುಳಕ್ಕ ಇರತೈತಲ್ಲ."

"ಇದಕ್ಕ ಎಲ್ಲೈತಿ? ತೋರ್ಸು."

ಮಸೂರ ಹಿಡಿದೆ. ಇರಲಿಲ್ಲ. ಅರ್ಧ ಗಂಟೆ ಹುಳುವನ್ನು ಎದುರಿಗಿಟ್ಟುಕೊಂಡು, ಅದಕ್ಕಿಲ್ಲದ ಸೊಂಡಿಲನ್ನು ನಾನು ಬಹಳ ಚೆನ್ನಾಗಿ ಬರೆದಿದ್ದೆ, ನೆರಳು ಸಮೇತ. ದನಿ ಕದಿಯುವ ನಾನು ಹುಳುವಿನಿಂದಲೂ ಬೇರೊಬ್ಬರ ಮಿಮಿಕ್ರಿ ಮಾಡಿಸಿದ್ದೆ. ಮೇಡಂ ನಗಲಿಲ್ಲ. ಗಾಜಿನ ಮುಚ್ಚಳದ ಪೆಟ್ಟಿಗೆ ತೆಗೆದು ನಿಜವಾದ ಅಕ್ಕಿ ಹುಳು ತೋರಿಸಿದರು: ನನ್ನ ಹುಳುವಿನ ಅರ್ಧದಷ್ಟೂ ಇಲ್ಲ, ಉದ್ದ ಮೂತಿ, ಬೆನ್ನ ಮೇಲೆ ಮಾಸಿದ ನಾಲ್ಕು ಚುಕ್ಕೆ.

"ಪಾಪ, ಇದು ಶೇಂಗಾ ಸಿಪ್ಪಿ ಒಳಗ ಹೋಗೂದಿಲ್ಲಪ್ಪ. ಸುಮ್ನ ಇದರ ಮ್ಯಾಲ ಕೇಸ್ ಹಾಕೀದಿ."

ಆಮೇಲೆ ಇನ್ನೊಂದು ಪೆಟ್ಟಿಗೆ. ಒಡೆದ ಶೇಂಗಾಕಾಳಿಗೆ ಬೀಳುವ ಕೆಂಪು ಹಿಟ್ಟಿನ ಹುಳುಗಳು, ಎರಡು ಸಾಲು. ಎರಡೂ ಸಾಲಿನವು ಒಂದೇ ಎಂದು ನಾನು ಪಂದ್ಯ ಕಟ್ಟಲು ತಯಾರಿದ್ದೆ. ಮೀಸೆಗಳನ್ನು ನೋಡು ಎಂದರು. ಒಂದರ ಮೀಸೆಯಲ್ಲಿ ತುದಿಯ ಮೂರು ಮಣಿಗಳು ಥಟ್ಟನೆ ದಪ್ಪ. ಇನ್ನೊಂದರಲ್ಲಿ ಬುಡದಿಂದ ತುದಿಗೆ ನಿಧಾನವಾಗಿ ದಪ್ಪ. ಇಷ್ಟೇ. ಇಷ್ಟಕ್ಕೇ ಅವು ಎರಡು ಬೇರೆ ಜಾತಿ, ಒಂದು ಇನ್ನೊಂದರ ಜೊತೆ ಸಂಸಾರ ಮಾಡುವುದಿಲ್ಲ. ಒಂದು ಅಂಗುಲದಲ್ಲಿ ಏಳೆಂಟು ಹಿಡಿಯುವ ಪ್ರಾಣಿಯ ಮೀಸೆಯ ಮಣಿ ಎಣಿಸಲು ಯಾರೋ ಒಬ್ಬರು ಎಂದೋ ಕೂತಿದ್ದರಲ್ಲ! ಅವರಿಗೆ ಮನೆ ಮಠ ಇತ್ತೋ ಇಲ್ಲವೋ ಎಂದು ತಮಾಷೆ ಮಾಡಲು ಹೋದೆ. ತಮಾಷೆ ಬಾಯಿಗೆ ಬರಲಿಲ್ಲ.

ಎರಡನೆಯ ಚಿತ್ರಕ್ಕೆ ಮೂರು ದಿನ ಹಿಡಿಯಿತು. ಆ ಮೂರು ದಿನ ನಾನು ಯಾರ ದನಿಯನ್ನೂ ತೆಗೆದ ನೆನಪಿಲ್ಲ. ಕಂದು ಎಂದುಕೊಂಡಿದ್ದ ಬೆನ್ನು ಕಂದು ಆಗಿರಲಿಲ್ಲ. ಕೆಂಪು ನೆಲದ ಮೇಲೆ ಬೂದು ಕೂದಲು, ನಡುನಡುವೆ ಕಪ್ಪು ಚುಕ್ಕೆ, ಕುರುಬರ ಕಂಬಳಿ ಬಿಸಿಲಿಗೆ ಹಾಸಿದಂತೆ. ರೆಕ್ಕೆಯ ಮುಚ್ಚಳ ಪೂರ್ತಿ ಮುಚ್ಚದೆ ಬಾಲದ ತುದಿ ಹೊರಗೆ. ಮೂರನೆಯ ದಿನ ಹಿಂಗಾಲಿಗೆ ಬಂದೆ. ತೊಡೆ ಎಂದರೆ ತೊಡೆ! ಪೈಲವಾನರಿಗೂ ಅಂಥದ್ದಿಲ್ಲ. ಆ ತೊಡೆಯ ಒಳ ಅಂಚಿನಲ್ಲಿ ಒಂದು ದೊಡ್ಡ ಹಲ್ಲು, ಅದರ ಪಕ್ಕ ಒಂದರ ನಂತರ ಒಂದು ಸಣ್ಣ ಹಲ್ಲುಗಳ ಸಾಲು, ಒಂದೂ ಓರೆಯಿಲ್ಲ. ಉಗುರಿನಲ್ಲಿ ಅರೆದುಬಿಡಬಹುದಾದ ಜೀವಕ್ಕೆ ಇಷ್ಟು ಕುಸುರಿ. ನಾನು ಮಸೂರ ಕೆಳಗಿಟ್ಟೆ. ಮೇಡಂ ನನ್ನ ಮುಖ ನೋಡಿದರು.

"ಹಲ್ಲು ಕಂಡ್ವಾ? ಈಗ ಹೆಸರು ಹೇಳ್ತೀನಿ. ಕ್ಯಾರಿಯೆಡಾನ್ ಸೆರೇಟಸ್. ಗರಗಸದಂಗ ಹಲ್ಲಿದ್ದದ್ದು ಅಂತ. ಒಡೀಲಾರದ ಇಡೀ ಶೇಂಗಾ ಕಾಯಿ ಒಳಗ ತಾನಽ ಕೊರಕೊಂಡು ಹೋಗೂದು ಇದಽ."

ಹೋಗುವ ರೀತಿಯನ್ನೂ ಅವರೇ ಕಾಯಿ ಹಿಡಿದು ತೋರಿಸಿದರು. ತಾಯಿ ಸಿಪ್ಪೆಯ ಮೇಲೆ ತತ್ತಿಯನ್ನು ಅಂಟಿಸಿ ಹೋಗುತ್ತದೆ. ಮರಿ ತತ್ತಿಯ ಮೇಲಿನಿಂದ ಹೊರಗೆ ಬರುವುದಿಲ್ಲ. ತತ್ತಿಯ ಅಡಿಯನ್ನೇ ಕೊರೆದು, ಅಲ್ಲಿಂದ ನೇರ ಸಿಪ್ಪೆಯೊಳಗೆ, ಸಿಪ್ಪೆಯಿಂದ ಕಾಳಿನೊಳಗೆ. ಬಿಸಿಲು ಹೇಗಿರುತ್ತದೆಂದು ನೋಡದೆಯೇ ಬೆಳೆಯುತ್ತದೆ. ತಿಂದು ಮುಗಿಸಿದ ಮೇಲೆ ಆ ದುಂಡನೆಯ ಬಾಗಿಲು ಕೊರೆದು, ಕಾಗದದಂಥ ಬಿಳಿ ಗೂಡು ನೇಯ್ದು, ಅದರಲ್ಲಿ ಮಲಗಿ, ಕಂಬಳಿ ಹೊದ್ದು, ತೊಡೆಗೆ ಹಲ್ಲು ಕಟ್ಟಿಕೊಂಡು ಏಳುತ್ತದೆ. ಇದೆಲ್ಲ ನಾನು ಕಿವಿಗೆ ಲೋಲಾಕು ಸಿಕ್ಕಿಸಿಕೊಂಡು ಕೂತಿದ್ದ ಚೀಲದೊಳಗೆ, ನನ್ನ ಕುಂಡೆಯ ಕೆಳಗೇ ನಡೆದಿರಬಹುದು.

"ಮೇಡಂ, ಇದು ಗೋಣಿಚೀಲದಾಗ ಬಂದದ್ದಲ್ಲಂದ್ರ ಎಲ್ಲಿಂದ ಬಂತು?"

"ಆ ಖೋಲ್ಯಾಗ ಮತ್ತೇನಿತ್ತು?"

"ಏನಿಲ್ರಿ. ಶೇಂಗಾ. ಮತ್ತ ಹುಣಸಿಹಣ್ಣು..."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಹೇಳಿದ್ದರ ಸಾರ ಇದು. ಹುಣಸೆಯೂ ಶೇಂಗಾವೂ ಒಂದೇ ಮನೆತನ. ಒಂದು ಮುಗಿಲಿಗೆ ಕಾಯಿ ಬಿಡುತ್ತದೆ, ಇನ್ನೊಂದು ನೆಲದೊಳಗೆ, ಆದರೂ ದಾಯಾದಿಗಳು. ಶೇಂಗಾ ಸಮುದ್ರ ದಾಟಿ ನಮ್ಮ ಹೊಲಕ್ಕೆ ಬರುವ ಮೊದಲೇ ಈ ಹುಳು ಹುಣಸೆ ಬೀಜ ತಿಂದುಕೊಂಡು ಇತ್ತು. ಹೊಸ ಬೆಳೆ ಬಂದಾಗ ಅದಕ್ಕೆ ಯಾರೂ ಸಂಬಂಧ ಹೇಳಿಕೊಡಲಿಲ್ಲ; ಅದೇ ಗುರುತು ಹಿಡಿಯಿತು. ಎಲೆಯ ಆಕಾರ, ಹೂವಿನ ಎಸಳು ನೋಡಿ ಪಂಡಿತರು ಬರೆದಿಟ್ಟ ವಂಶಾವಳಿ ಈ ಏಳು ಮಿಲಿಮೀಟರಿನ ಜೀವಕ್ಕೆ ಮೂಗಿನಲ್ಲೇ ಇತ್ತು.

ದೊಡ್ಡವ್ವನ ಹಿತ್ತಲಿನ ಹುಣಸೆಮರ ಅವಳ ಹೆಮ್ಮೆ. ಅತ್ತೆ ನೆಟ್ಟದ್ದು. ಶಿವರಾತ್ರಿ ಮುಗಿದ ಮೇಲೆ ಮರವನ್ನು ಕೋಲಿನಿಂದ ಬಡಿಸಿ, ಹಣ್ಣನ್ನೆಲ್ಲ ಅದೇ ಖೋಲಿಯಲ್ಲಿ ಶೇಂಗಾ ಚೀಲದ ಪಕ್ಕ ರಾಶಿ ಹಾಕುತ್ತಾಳೆ. ಅವಳ ಅತ್ತೆಯೂ ಹಾಗೇ ಹಾಕುತ್ತಿದ್ದಳು. ಆ ಖೋಲಿ ಬೆಚ್ಚಗಿರುತ್ತದೆ, ಸೋರುವುದಿಲ್ಲ ಎಂದು. ಮೂಲೆಯಲ್ಲಿ ಒಂದು ಡಬ್ಬಿ ತುಂಬ ಹುಣಸೆ ಬೀಜ, ಚೌಕಾಬಾರ ಆಡಲು. ಮರುದಿನ ಹೋಗಿ ಮೊದಲು ಆ ಡಬ್ಬಿಯನ್ನೇ ಬೆಳಕಿಂಡಿಯ ಕೆಳಗೆ ಸುರಿದೆ. ಹೊಳೆಯುವ ಕಪ್ಪು ಬೀಜಗಳಲ್ಲಿ ಅದೇ ದುಂಡನೆಯ ತೂತು. ರಾಶಿಯ ಬುಡದಲ್ಲಿ ಅದೇ ಬಿಳಿ ಕಾಗದದ ಗೂಡು. ಒಂದು ಗೂಡು ಬಿಡಿಸಿದೆ. ಒಳಗೆ ಕಂಬಳಿ ಹೊದ್ದವನು ಮಲಗಿದ್ದ. ಮೇಡಂ ಕೊಟ್ಟು ಕಳಿಸಿದ್ದ ಮಸೂರದಲ್ಲಿ ಹಿಂಗಾಲು ನೋಡಿದೆ. ಹಲ್ಲಿನ ಸಾಲು.

ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಎದ್ದೆ. ಇದನ್ನು ಹೇಳಬೇಕಾದ ಹೆಂಗಸು ಬಾಗಿಲಲ್ಲೇ ನಿಂತಿದ್ದಳು.

"ಏನು ಮಾಡಾಕತ್ತೀದಿಲೇ ಬಸ್ಯಾ?"

ಸಾಹೇಬರ ದನಿ ತೆಗೆಯಲು ನೋಡಿದೆ, ಬರಲಿಲ್ಲ. ಮೇಡಂ ದನಿ ಗಂಟಲವರೆಗೆ ಬಂದು ನಿಂತಿತು. ಕೊನೆಗೆ ಹೇಗೋ ಹೇಳಿದೆ: ನಾನು ಅವತ್ತು ಹುಳು ನೋಡದೆ ಹೇಳಿದೆ, ನಗಿಸಲು ಹೇಳಿದೆ, ಅದು ಸುಳ್ಳು. ಚೀಲದ್ದಲ್ಲ, ತುರ್ವಿಹಾಳದ್ದಲ್ಲ. ಇದು ಹುಣಸೆಮರದ್ದು, ನಮ್ಮ ಹಿತ್ತಲಿನದು.

ದೊಡ್ಡವ್ವ ಹುಬ್ಬು ಗಂಟಿಕ್ಕಿದಳು. "ಇದು ಯಾರ ದನಿಲೇ?"

"ನಂದಽ ದೊಡ್ಡವ್ವ."

"ಹಿಂಗೈತೇನ ನಿಂದು?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಪಾಪ."

ನಂಬಿದಳೆಂದು ತಿಳಿಯಬೇಡಿ. ಅತ್ತೆ ನೆಟ್ಟ ಮರಕ್ಕೆ ಕಳಂಕ ಹಚ್ಚಿದವನನ್ನು ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಆದರೆ ಮಸೂರ ಕಿತ್ತುಕೊಂಡಳು. ಸೂಜಿಗೆ ದಾರ ಪೋಣಿಸುವವಳಂತೆ ಒಂದು ಕಣ್ಣು ಮುಚ್ಚಿ ಬಾಗಿದಳು. ಮೊದಲು ಹುಣಸೆ ಬೀಜದ ಹುಳು. ಆಮೇಲೆ ಶೇಂಗಾದ ಹುಳು. ಮತ್ತೆ ಹುಣಸೆಯದು.

"ಅಯ್ಯ ಶಿವನ! ಕಾಲಿಗೆ ಹಣಿಗಿ ಐತಲೇ ಇದಕ್ಕ! ತಲಿ ಬಾಚೂ ಹಣಿಗಿ!"

"ಎರಡಕ್ಕೂ ಐತಿಲ್ಲ?"

"ಎರಡಕ್ಕೂ ಐತಿ." ಬಹಳ ಹೊತ್ತು ಮಸೂರ ಬಿಡಲಿಲ್ಲ. ಹೊಲದ ಕೆಲಸದಲ್ಲಿ ಬೆರಳು ಬಿರುಕುಬಿಟ್ಟ ಹೆಂಗಸು ಹುಳುವನ್ನು ತಿರುಗಿಸುತ್ತಿದ್ದ ನಾಜೂಕು ನೋಡಬೇಕಿತ್ತು. "ಇಷ್ಟು ವರ್ಷ ಇದನ್ನ ತಿಕ್ಕಿ ತಿಕ್ಕಿ ಕೊಂದೀನಿ. ಯಾರಿಗೆ ಗೊತ್ತು, ಇಷ್ಟು ಚೆಂದ ಐತಂತ." ಮಸೂರದಿಂದ ಮುಖ ಎತ್ತದೆಯೇ ಕೇಳಿದಳು: "ಹಂಗಾರ ಆಕಿ ಚೀಲ ಬಿಸಲಿಗೆ ಹಾಕಿದ್ದು ಖರೇನಽ."

"ಖರೇನಽ."

"ಫೋನ್ ಹಚ್ಚು."

ಹಚ್ಚಿ ಕೊಟ್ಟೆ. ಆ ಕಡೆ ಚಿಗವ್ವ ಎತ್ತಿದಳು, ಮಾತಾಡಲಿಲ್ಲ. ಈ ಕಡೆ ಇವಳೂ ಇಲ್ಲ.  ಇವರಿಬ್ಬರ ದನಿಯೂ ನನಗೆ ಬರುತ್ತದೆ, ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ.

"ಈರಿ," ಎಂದಳು ದೊಡ್ಡವ್ವ ಕೊನೆಗೆ, "ಹುಳ ನಮ್ಮ ಹುಣಸಿಗಿಡದ್ದಂತ. ನಿಂದಲ್ಲ."

"ನಾ ಅವತ್ತಽ ಹೇಳಿದ್ದಿಲ್ಲೇನ?"

"ಹೇಳಿದ್ದಿ."

"ಚೀಲ ಯಾಕ ಕಳಿಸಿದಿ ಯಕ್ಕಾ? ಕಂಡಕ್ಟರ ಎಲ್ಲರ ಮುಂದ ಒಗದು ಹ್ವಾದ."

 ದೊಡ್ಡವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬಾ," ಎಂದಳು. "ಸುಲಿಯೂದು ಹಂಗಽ ಉಳದೈತಿ. ಮತ್ತ ಈ ಹುಳ ಒಂದು ಸಲ ನೋಡಬಾ ಈರಿ. ನೀ ನೋಡಬೇಕು. ಹೇಳಿದ್ರ ತಿಳಿಯೂದಿಲ್ಲ."

ಚಿಗವ್ವ ಮರುದಿನ ಮೊದಲ ಬಸ್ಸಿಗೇ ಬಂದಳು. ಬಂದವಳು ಅಕ್ಕನನ್ನು ಮಾತಾಡಿಸುವ ಮೊದಲು ನನ್ನ ಕಿವಿ ಹಿಡಿದಳು, "ಎಲ್ಲಾ ಮಾಡಿದಾಂವ ಈ ಭಾಡ್ಯಾನಽ." ದೊಡ್ಡವ್ವ ಇನ್ನೊಂದು ಕಿವಿ ಹಿಡಿದು, "ಹೂಂ, ಇವನಽ" ಎಂದಳು. ಅದೇ ಅವರಿಬ್ಬರ ರಾಜಿ. ಹುಣಸೆಯ ರಾಶಿ ಆ ದಿನವೇ ಅಡುಗೆಮನೆಯ ಅಟ್ಟಕ್ಕೆ ಹೋಯಿತು. ತೂತಿನ ಕಾಯಿ, ಚುಕ್ಕೆಯ ಕಾಯಿ ಒಲೆಗೆ. ಉಳಿದದ್ದು ಎರಡು ಎಕರೆಗೆ ಸಾಲುವಷ್ಟಿತ್ತು, ಸಾಕಾಯಿತು.

ಸುಲಿಯಲು ಕೂರುವ ಮುಂಚೆ ದೊಡ್ಡವ್ವ ತಂಗಿಯನ್ನು ಬಾಗಿಲ ಬೆಳಕಿಗೆ ಕರೆದೊಯ್ದು ಮಸೂರ ಕೈಗೆ ಕೊಟ್ಟಳು. ಚಿಗವ್ವನಿಗೆ ಒಂದು ಕಣ್ಣು ಮಾತ್ರ ಮುಚ್ಚಲು ಬರುವುದಿಲ್ಲ; ಒಂದು ಮುಚ್ಚಿದರೆ ಎರಡೂ ಮುಚ್ಚುತ್ತವೆ. "ಏನೂ ಕಾಣವಲ್ತು ಯಕ್ಕಾ, ಬರೀ ಕತ್ತಲಿ" ಎಂದಳು. ದೊಡ್ಡವ್ವ ಹಿಂದೆ ಬಂದು ನಿಂತು, ತನ್ನ ಅಂಗೈಯಿಂದ ತಂಗಿಯ ಎಡಗಣ್ಣು ಮುಚ್ಚಿ ಹಿಡಿದು, ಇನ್ನೊಂದು ಕೈಯಿಂದ ಹುಳುವನ್ನು ಬೆಳಕಿಗೆ ಸರಿಸಿದಳು.

"ಈಗ?"

 ಚಿಗವ್ವನ ಬಾಯಿ ನಿಧಾನವಾಗಿ ತೆರೆದುಕೊಂಡಿತು. ನೋಡಿ ಮುಗಿದ ಮೇಲೂ ಅವಳು ಆ ಅಂಗೈಯ ಕೆಳಗಿನಿಂದ ಮುಖ ತೆಗೆಯಲಿಲ್ಲ, ದೊಡ್ಡವ್ವನೂ ಕೈ ತೆಗೆಯಲಿಲ್ಲ.